ಕಾರ್ಬೋರೇಟರ್ ಕಡೀಗೆ ಬಿಚ್ರಿ

ಹಳೇ ಗಾಡಿ ದಾರ್ಯಾಗ ನಿಂತ್ರ ನಮ್ಮ ಹುಬ್ಬಳ್ಳಿಯೊಳಗ ಒಂದ ಮಾತು: ‘ಸಾಹೇಬ್ರ, ಕಾರ್ಬೋರೇಟರಿಗೆ ಕಚರಾ ಬಂದೈತಿ, ಬಿಚ್ಚಬೇಕು.’ ಕಾರ್ಬೋರೇಟರ್ ಅಂದ್ರ ಪೆಟ್ರೋಲಿಗೆ ಗಾಳಿ ಕೂಡಿಸಿ ಎಂಜಿನ್ನಿಗೆ ಕೊಡೂ ಭಾಗ. ಪಾನಾ ಕೈಗೆ ಬಂದಿದ್ದ ತಡ, ಕಾರ್ಬೋರೇಟರ್ ಪೆಟ್ರೋಲಿನ ತಾಟಿನ್ಯಾಗ ಮುಳುಗಿರ್ತೈತಿ. ತೊಳದು ಕೂಡಿಸ್ತಾರ, ಗಾಡಿ ನಾಕ್ ದಿನ ಛಲೋ ಓಡತೈತಿ, ಆಮ್ಯಾಲೆ ಮತ್ತ ಅದ ಕಥಿ. ಅದರದೇನೂ ತಪ್ಪಿರೂದಿಲ್ಲ ಪಾಪ, ಪೆಟ್ರೋಲ ಅಲ್ಲೀತನಕ ಮುಟ್ಟಿರೂದಿಲ್ಲ. ನಾ ಅನ್ನೂದಿಷ್ಟ: ಟ್ಯಾಂಕಿನಿಂದ ಶುರು ಮಾಡಿ ಮುಂದ ಬರ್ರಿ.

ನಮ್ಮ ಓಣಿಯ ಕಾಕಾನ ಹತ್ರ ಒಂದು ಹಳೇ ಮಾರುತಿ 800 ಐತಿ, ಎಂಪಿಎಫ್‌ಐ (ಕಾರ್ಬೋರೇಟರ್ ಇಲ್ಲದ ಪೆಟ್ರೋಲ್ ಚಿಮ್ಮಸೂ ಪದ್ಧತಿ) ಬರೂಕಿಂತ ಮದಲಿಂದು. ಉಣಕಲ್ಲಿನಿಂದ ಚನ್ನಮ್ಮ ಸರ್ಕಲ್ಲಿಗೆ ದಿನಾ ಹೋಗಿ ಬರ್ತೈತಿ, ಏನೂ ತಕರಾರಿಲ್ಲ. ಗದಗಿಗೆ ಅಂತ ಹೊಂಟ್ರ ಅಣ್ಣಿಗೇರಿ ಹತ್ರ ಬರೂದ್ರಾಗ ಜಗ್ಗಾಡಾಕ ಹತ್ತಿ ನಿಲ್ತೈತಿ. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡದ್ರ ಏನೂ ಆಗೇ ಇಲ್ಲ ಅನ್ನೂವಂಗ ಚಾಲೂ. ಈ ಲಕ್ಷಣ ಕೇಳಿದ ಕೂಡ್ಲೆ ಟ್ಯಾಂಕಿನ ಮ್ಯಾಲೆ ಸಂಶಯ ಬರಬೇಕು. ಪೆಟ್ರೋಲ್ ಹೊರಗ ಹೋದಷ್ಟು ಗಾಳಿ ಟ್ಯಾಂಕಿನೊಳಗ ಬರಬೇಕು. ಆ ದಾರಿ ಕೆಲವು ಗಾಡಿಗೆ ಮುಚ್ಚಳದಾಗ ಇರ್ತೈತಿ, ಕೆಲವಕ್ಕ ಬ್ಯಾರೆ ಪೈಪ್. ಅದು ಕಟ್ಟಿಕೊಂಡ್ರ ಒಳಗ ನಿರ್ವಾತ ಆಗಿ ಪಂಪಿಗೆ ಎಳಿಯಾಕ ಆಗೂದಿಲ್ಲ. ಗಾಡಿ ನಿಂತಾಗ ಮುಚ್ಚಳ ತಗದು ನೋಡ್ರಿ. ಸುಂಯ್ ಅಂತ ಗಾಳಿ ಒಳಗ ಹೋದ್ರ ಕಳ್ಳ ಸಿಕ್ಕ. ಬ್ಯಾಸಗ್ಯಾಗ ಗಾಳಿ ಹೊರಗ ಬಂದ್ರ ಅದು ಆವಿ ಒತ್ತಡ, ಅದನ್ನ ತಪ್ಪು ತಿಳಕೋಬ್ಯಾಡ್ರಿ.

ಕಾಕಾನ ಗಾಡ್ಯಾಗ ಅದೂ ಅಲ್ಲ, ಪೈಪ್. 800ಕ್ಕ ಟ್ಯಾಂಕ್ ಹಿಂದ, ಪಂಪ್ ಮುಂದ ಎಂಜಿನ್ನಿಗೆ ಹತ್ತಿಕೊಂಡು, ಕ್ಯಾಮ್‌ಶಾಫ್ಟ್ ಅನ್ನೂ ಎಂಜಿನ್ನಿನ ತಿರುಗೂ ದಂಡದಿಂದ ನಡಿಯೂದು. ಇಡೀ ಗಾಡಿ ಉದ್ದಕ್ಕೂ ಪೆಟ್ರೋಲನ್ನ ಎಳಕೊಂಡು ಬರಬೇಕು. ರಬ್ಬರ್ ಪೈಪ್ ಎಲ್ಲ್ಯಾರೆ ಬಿರುಕು ಬಿಟ್ರ ತೂತು ಬಿದ್ದ ಸ್ಟ್ರಾದಾಗ ಎಳನೀರು ಕುಡದಂಗ, ಬರೀ ಗಾಳಿ ಬರ್ತೈತಿ. ಮಜಾ ಅಂದ್ರ ಅಲ್ಲಿ ಒಂದು ಹನಿನೂ ಸೋರೂದಿಲ್ಲ, ಅದಕ್ಕ ಯಾರ ಕಣ್ಣಿಗೂ ಬೀಳೂದಿಲ್ಲ. ಸಂಶಯ ಬಂದ ಪೈಪ್ ಬದಲ್ ಮಾಡೂದು, ಕ್ಲಿಪ್ ಹೊಸಾದು ಹಾಕೂದು, ಫಿಲ್ಟರನ್ನೂ ಕೂಡೇ ಬದಲ್ಸೂದು. ಫಿಲ್ಟರ್ ಊದಿ ಊದಿ ಮತ್ತ ಹಾಕೂ ಜಿಪುಣತನ ನನಗ ತಿಳಿಯೂದಿಲ್ಲ.

ಓಡೂವಾಗ ಮಾಡೂ ಪರೀಕ್ಷೆ ಒಂದೈತಿ. ಜಗ್ಗಾಡಿದಾಗ ಚೋಕ್ (ಗಾಳಿ ಕಡಿಮಿ ಮಾಡಿ ಪೆಟ್ರೋಲ್ ಹೆಚ್ಚು ಮಾಡೂದು) ಸ್ವಲ್ಪ ಎಳೀರಿ. ಗಾಡಿ ಚೇತರಿಸಿಕೊಂಡ್ರ ಪೆಟ್ರೋಲ್ ಕಡಿಮಿ ಬೀಳಾಕತ್ತೈತಿ ಅಂತ. ಇನ್ನೂ ಕೆಟ್ಟ ಆದ್ರ ಕಿಡಿ ಹೊಡಿಯೂ ಪ್ಲಗ್, ಪಾಯಿಂಟ್ ಕಡೆ ನೋಡ್ರಿ.

ಪಂಪ್ ನೋಡೂದು ಹಿಂಗ: ಕಿಡಿಗೆ ಕರೆಂಟ್ ಕೊಡೂ ಕಾಯಿಲಿನ ವೈರ್ ತಗದು, ಕಾರ್ಬೋರೇಟರಿಗೆ ಬರೂ ಪೈಪ್ ಬಾಟ್ಲಿಯೊಳಗ ಇಟ್ಟು ಸೆಲ್ಫ್ ಹೊಡೀರಿ. ಪೆಟ್ರೋಲ್ ಚಿಳ್ ಚಿಳ್ ಅಂತ ಜೋರಾಗಿ ಬರಬೇಕು. ಎಂಜಿನ್ ಆರಿರಬೇಕು, ಬೆಂಕಿ ಹತ್ರ ಇರಬಾರದು. ಬೀಡಿ ಬಾಯಾಗ ಇಟಗೊಂಡ ಪೈಪ್ ಬಿಚ್ಚೂ ಮಂದಿನ್ನ ನೋಡೀನಿ, ಅದಕ್ಕ ಹೇಳಾಕತ್ತೀನಿ. ಆಯಿಲ್ ನೋಡೂ ಡಿಪ್‌ಸ್ಟಿಕ್ಕಿನ್ಯಾಗ ಪೆಟ್ರೋಲ್ ವಾಸನಿ ಬಂದ್ರ, ಆಯಿಲ್ ಮಟ್ಟ ತಾನ ಏರಿದ್ರ, ಪಂಪಿನೊಳಗಿನ ಡಯಾಫ್ರಾಮ್ (ತೆಳು ಪರದೆ) ಹರದಿರಬೌದು. ಹಂಗಿದ್ರ ಗಾಡಿ ಓಡಸಬ್ಯಾಡ್ರಿ, ಬೇರಿಂಗ್ ಹೋಗ್ತಾವ.

ಬೈಕಿನೋರಿಗೆ ಇಷ್ಟೆಲ್ಲಾ ಇಲ್ಲ. ಹಳೇ ಸ್ಪ್ಲೆಂಡರಿಗೆ ಪಂಪೇ ಇಲ್ಲ, ಪೆಟ್ರೋಲ್ ಮ್ಯಾಲಿನ ಟ್ಯಾಂಕಿನಿಂದ ತಾನ ಇಳೀತೈತಿ. ಕಾರ್ಬೋರೇಟರಿನ ಬುಡದ ಡ್ರೇನ್ ಸ್ಕ್ರೂ ಸಡಲ ಮಾಡ್ರಿ, ಧಾರಿ ಬರಕೋತ ಇದ್ರ ಮ್ಯಾಲಿಂದ ಎಲ್ಲಾ ಸರಿ, ನಡುವ ನಿಂತ್ರ ಟ್ಯಾಂಕಿನ ಬುಡದ ಪೆಟ್ರೋಲ್ ಕಾಕ್ ಇಲ್ಲಾ ಮುಚ್ಚಳ.

ಈಗ ಇನ್ನೊಂದು ತಲಿನೋವು ಕಬ್ಬು, ಗೋವಿನಜೋಳದಿಂದ ಮಾಡೂ ಎಥೆನಾಲ್. 2023ರ ಫೆಬ್ರವರಿಯೊಳಗ ಬೆಂಗಳೂರಾಗ ಇಪ್ಪತ್ತು ಪರ್ಸೆಂಟ್ ಎಥೆನಾಲ್ ಕೂಡಿಸಿದ ಪೆಟ್ರೋಲಿಗೆ ಚಾಲನೆ ಕೊಟ್ರು, ಈಗ ಬಂಕಿನ್ಯಾಗ ಸಿಗೂದು ಅದ. ನಮ್ಮ ಹಾವೇರಿ ಕಡೆ ಗೋವಿನಜೋಳ ಬೆಳಿಯೋರಿಗೆ ಇದರಿಂದ ನಾಕ್ ರೊಕ್ಕ ಹೆಚ್ಚು ಸಿಕ್ರ ನನಗೂ ಸಂತೋಷ. ಆದ್ರ ಹಳೇ ರಬ್ಬರಿಗೆ ಇದು ಆಗಿ ಬರೂದಿಲ್ಲ, ಪೈಪ್ ಉಬ್ಬತೈತಿ ಇಲ್ಲಾ ಬಿರಿತೈತಿ. ಹಳೇ ಟ್ಯಾಂಕಿನ ಗೋಡಿಗೆ ಅಂಟಿದ ಹೊಲಸನ್ನೂ ಕಿತ್ತು ಫಿಲ್ಟರಿಗೆ ತರ್ತೈತಿ. ಗಾಳ್ಯಾಗಿನ ನೀರನ್ನೂ ಹೀರತೈತಿ, ಹೆಚ್ಚಾದ್ರ ಅದು ಪೆಟ್ರೋಲಿನಿಂದ ಬೇರೆ ಆಗಿ ತಳಕ್ಕ ಕೂಡತೈತಿ. ಮಳಿಗಾಲ ಪೂರ್ತಿ ನಿಲ್ಲಿಸಿಟ್ಟ ಗಾಡಿ ಜಗ್ಗಾಡಿದ್ರ ಹಳೇ ಪೆಟ್ರೋಲ್ ಖಾಲಿ ಮಾಡಿಸಿ ನೋಡ್ರಿ ಮದಲು.

ಇಷ್ಟೆಲ್ಲಾ ನೋಡಿದ ಮ್ಯಾಲೆ ಕಾರ್ಬೋರೇಟರ್. ಜೋರಾಗಿ ಓಡೂವಾಗ ಬರೋಬ್ಬರಿ ಇದ್ದು ಸ್ಲೋದಾಗ ನಿಲ್ಲದಿದ್ರ ಪೈಲಟ್ ಜೆಟ್ (ಸ್ಲೋದಾಗ ಪೆಟ್ರೋಲ್ ಕೊಡೂ ಸಣ್ಣ ತೂತಿನ ಬಿಡಿಭಾಗ) ಕಟ್ಟಿರಬೌದು. ಓವರ್‌ಫ್ಲೋ ಆಗಿ ಕರೀ ಹೊಗಿ ಬಂದ್ರ ಪೆಟ್ರೋಲ್ ಮಟ್ಟ ನೋಡಿ ತಡಿಯೂ ಫ್ಲೋಟಿನ ನೀಡಲ್ ಕೆಟ್ಟಿರಬೌದು. ಬಿಚ್ಚಿದಾಗ ಮಾತ್ರ ಮಿಸ್ತ್ರಿ ಬಾಜೂಕ ನಿಂದರ್ರಿ. ಜೆಟ್ ಹಿತ್ತಾಳಿದು, ತೂತಿನ ಅಳತಿ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಾಗ. ತಂತಿ ಚುಚ್ಚಿದ್ರ ತೂತು ದೊಡ್ಡದಾಗಿ ಮೈಲೇಜ್ ಹಾಳಾಗ್ತೈತಿ. ಕ್ಲೀನರ್ ಹೊಡದು ಗಾಳಿ ಊದಿದ್ರ ಸಾಕು. ಅಂವ ಕ್ಲಚ್ ವೈರಿನ ಎಳಿ ಕೈಗೆ ತಗೊಂಡ ಅಂದ್ರ, ‘ಭಾಯ್, ಅದು ಬ್ಯಾಡ’ ಅಂತ ಅಲ್ಲೇ ಹೇಳ್ರಿ.