ಕಂಪನ ತಡೆಯುವ ಗ್ಲೌಸ್ ಇದ್ದರೆ ಸಾಕೇ? ಒಂದು ಸ್ಪಷ್ಟನೆ

‘ಆ್ಯಂಟಿ-ವೈಬ್ರೇಶನ್ ಗ್ಲೌಸ್ ಹಾಕಿಕೊಂಡರೆ ಗ್ರೈಂಡರ್, ಬ್ರೇಕರ್ (ಕಾಂಕ್ರೀಟ್ ಒಡೆಯುವ ಯಂತ್ರ) ಏನನ್ನಾದರೂ ದಿನವಿಡೀ ಹಿಡಿಯಬಹುದು, ಕೈಗೆ ಏನೂ ಆಗದು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ.

ಈ ಗ್ಲೌಸ್‌ಗಳು ತಗ್ಗಿಸುವುದು ಹೆಚ್ಚಾಗಿ ಅಧಿಕ ಆವರ್ತನದ, ಅಂದರೆ ಬಲು ವೇಗದ ಕಂಪನವನ್ನು. ಬ್ರೇಕರ್‌ನ ನಿಧಾನಗತಿಯ ಹೊಡೆತ ಹೆಚ್ಚುಕಡಿಮೆ ಹಾಗೇ ಕೈಗೆ ದಾಟುತ್ತದೆ. ಮೇಲಾಗಿ, ದಪ್ಪ ಗ್ಲೌಸ್ ಹಾಕಿದವರು ಜಾರದಿರಲೆಂದು ಯಂತ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ಬಿಗಿ ಹಿಡಿದಷ್ಟೂ ಕಂಪನ ಒಳಗಿಳಿಯುತ್ತದೆ. ಕೈ ಬೆಚ್ಚಗಿದ್ದರೆ ರಕ್ತಸಂಚಾರಕ್ಕೆ ಒಳ್ಳೆಯದು, ಆ ಲಾಭ ನಿಜ. ಆದರೆ ತಿರುಗುವ ಡ್ರಿಲ್ ಬಿಟ್‌ಗೆ ಸಡಿಲ ಗ್ಲೌಸ್ ಸಿಕ್ಕಿಕೊಂಡರೆ ಬೆರಳೇ ಹೋದೀತು.

ನಿಜವಾಗಿ ನೋಡಬೇಕಾದದ್ದು ಸಮಯವನ್ನು. ಯುರೋಪಿಯನ್ ಒಕ್ಕೂಟದ 2002ರ ನಿರ್ದೇಶನದಂತೆ, 8 ಗಂಟೆಯ ಕೆಲಸದ ದಿನಕ್ಕೆ ಲೆಕ್ಕ ಹಾಕಿದ ಕಂಪನದ ತೀವ್ರತೆ ಸೆಕೆಂಡ್ ವರ್ಗಕ್ಕೆ 2.5 ಮೀಟರ್ (m/s²) ದಾಟಿದರೆ ಮಾಲೀಕರು ಅದನ್ನು ತಗ್ಗಿಸುವ ಕ್ರಮ ಕೈಗೊಳ್ಳಬೇಕು. 5 ಮೀಟರ್ ಮೀರುವಂತೆಯೇ ಇಲ್ಲ. 10 ಮೀಟರ್ ಕಂಪನದ ಯಂತ್ರ ಮೊದಲ ಮಟ್ಟವನ್ನು ಅರ್ಧ ಗಂಟೆಯಲ್ಲಿ, ಎರಡನೆಯದನ್ನು 2 ಗಂಟೆಯಲ್ಲಿ ಮುಟ್ಟುತ್ತದೆ. ಕಂಪನ ಇಮ್ಮಡಿಯಾದರೆ ಸಮಯ ಕಾಲುಭಾಗಕ್ಕಿಳಿಯುತ್ತದೆ! (ಟ್ರಿಗರ್ ಒತ್ತಿದ ಹೊತ್ತಷ್ಟೇ ಲೆಕ್ಕಕ್ಕೆ.)

ಹಾಗಾಗಿ ಗ್ಲೌಸ್‌ಗಿಂತ ಮೊದಲು ಯಂತ್ರ ನೋಡಿ. ಮೊಂಡಾದ ಉಳಿ, ಅಸಮವಾಗಿ ಸವೆದ ಡಿಸ್ಕ್ ಬದಲಿಸಿ, ಯಂತ್ರವನ್ನು ಒತ್ತದೆ ಅದರ ಭಾರಕ್ಕೇ ಕೆಲಸ ಮಾಡಲು ಬಿಡಿ, ನಡುನಡುವೆ ಬೇರೆ ಕೆಲಸ ಹಿಡಿಯಿರಿ. ಬೆರಳು ಪದೇಪದೇ ಜುಮ್ಮೆಂದರೆ, ಚಳಿಗೆ ತುದಿ ಬಿಳಿಚಿಕೊಂಡರೆ ವೈದ್ಯರನ್ನು ಕಾಣಿ. ಯಾವ ಯಂತ್ರ ಬಳಸುತ್ತೀರಿ ಎಂಬುದನ್ನೂ ಅವರಿಗೆ ಹೇಳಿ.