ಹೆಚ್ಚುಕಮ್ಮಿ ಅಕೌಸ್ಟಿಕ್

ಡಿಸೆಂಬರ್ ಬಂತೆಂದರೆ ರೇಡಿಯೊದವರಿಗೆ ಅಕೌಸ್ಟಿಕ್ ಜ್ವರ, ಅಂದರೆ ಕರೆಂಟಿನ ಹಂಗಿಲ್ಲದ ವಾದ್ಯಗಳ ಜ್ವರ ಹತ್ತುತ್ತದೆ. "ಅಬ್ಬರ ಇಲ್ಲ, ಆಡಂಬರ ಇಲ್ಲ, ಬರೀ ಮರದ ಗಿಟಾರು, ಬರೀ ಗಂಟಲು" ಎಂದು ನಿರೂಪಕ ಪಿಸುಗುಟ್ಟುತ್ತಾನೆ. ಗುಟ್ಟು ಹೇಳುವವನ ಹಾಗೆ, ಊರಿಗೆಲ್ಲ ಕೇಳಿಸುವ ಟ್ರಾನ್ಸ್‌ಮಿಟರ್‌ನಲ್ಲಿ.

ಗಿಟಾರು ಮರದ್ದೇ, ತಕರಾರಿಲ್ಲ. ಆದರೆ ಅದರ ಹೊಟ್ಟೆಯೊಳಗೆ ತಂತಿಯ ಕಂಪನವನ್ನು ಕರೆಂಟಾಗಿಸುವ ಪಿಕಪ್ಪು, ಪಿಕಪ್ಪಿಗೊಂದು ವೈರು, ವೈರು ಹೋಗಿ ಸೇರುವುದು ಸೌಂಡ್ ಮಿಕ್ಸರಿಗೆ, ಅಲ್ಲೊಬ್ಬ ಕೂತು ಗುಂಡಿ ತಿರುಗಿಸಿ ಮಾರ್ದನಿ ಸೇರಿಸಿದರೆ ಇಕ್ಕಟ್ಟಾದ ಸ್ಟುಡಿಯೊ ಕಲ್ಲಿನ ದೊಡ್ಡ ಚರ್ಚಾಗಿಬಿಡುತ್ತದೆ. ಇದು ಹೊಸದೇನಲ್ಲ. 1993ರಲ್ಲಿ ಎಂಟಿವಿ ಚಾನೆಲ್ಲಿನ ಅಕೌಸ್ಟಿಕ್ ಕಾರ್ಯಕ್ರಮ ಅನ್‌ಪ್ಲಗ್ಡ್‌ಗೆ ಕೂತ ಅಮೆರಿಕದ ರಾಕ್ ಗಾಯಕ ಕರ್ಟ್ ಕೋಬೇನ್ ತನ್ನ ಗಿಟಾರಿಗೆ ಆಂಪ್ಲಿಫೈಯರ್ ಬೇಕೇ ಬೇಕು ಎಂದ. ಪ್ಲಗ್ ಕಿತ್ತ ಕಾರ್ಯಕ್ರಮದಲ್ಲಿ ಅದು ಕಂಡರೆ ಮರ್ಯಾದೆ ಹೋಗುತ್ತದಲ್ವಾ? ಮುಂದೆ ಒಂದು ಡಬ್ಬ ಇಟ್ಟು ಮುಚ್ಚಿದರು. ಹಾಡಿದ್ದು ಮಾತ್ರ ಹೃದಯ ಹಿಂಡುವ ಹಾಗೆ, ಆದ್ದರಿಂದ ಆ ಡಬ್ಬಕ್ಕೆ ನನ್ನ ಕ್ಷಮೆ ಇದೆ.

ಲಾಸ್ ಏಂಜಲೀಸ್‌ನ ಕೆ-ರಾಕ್ ಸ್ಟೇಷನ್ನಿನವರು ಇನ್ನೂ ಸಾಚಾ. ಅವರ ಹಬ್ಬದ ಕಛೇರಿಯ ಹೆಸರೇ 'ಆಲ್‌ಮೋಸ್ಟ್ ಅಕೌಸ್ಟಿಕ್ ಕ್ರಿಸ್‌ಮಸ್'. ಹೆಚ್ಚುಕಮ್ಮಿ ಅಕೌಸ್ಟಿಕ್. ಹೆಚ್ಚುಕಮ್ಮಿ ಬ್ರಹ್ಮಚಾರಿ ಅಂದ ಹಾಗೆ. ವೇದಿಕೆ ಮೇಲೆ ಎಲೆಕ್ಟ್ರಿಕ್ ಗಿಟಾರು ಕಿರುಚಿದರೂ ಯಾರೂ ಕೇಳುವ ಹಾಗಿಲ್ಲ, ಮೊದಲೇ ಹೇಳಿಬಿಟ್ಟಿದ್ದಾರೆ.

ಅಂದಹಾಗೆ, 1930ರ ದಶಕದಲ್ಲಿ ಎಲೆಕ್ಟ್ರಿಕ್ ಗಿಟಾರು ಮಾರುಕಟ್ಟೆಗೆ ಬರುವವರೆಗೆ ಈ ಮರದ ಗಿಟಾರಿಗೆ ಅಕೌಸ್ಟಿಕ್ ಅನ್ನುವ ವಿಶೇಷಣ ಬೇಕೇ ಇರಲಿಲ್ಲ. ಸುಮ್ನೆ ಗಿಟಾರು. ತಮ್ಮ ಹುಟ್ಟಿದ ಮೇಲೆ ತಾನೇ ಅಣ್ಣ ಆಗುವುದು.

ಈಗ ಚಪ್ಪಾಳೆಯ ವಿಷಯ. ಹಾಡಿಗಿಂತ ಅದೇ ಜಾಸ್ತಿ ರಿಹರ್ಸಲ್ ಆಗಿರುತ್ತದೆ. ನಾನೂ ಒಮ್ಮೆ ಅಂಥ ರೆಕಾರ್ಡಿಂಗ್‌ಗೆ ಹೋಗಿದ್ದೆ. ಹಾಡು ಶುರುವಾಗುವ ಮೊದಲೇ ಮೂರು ಸಲ ಚಪ್ಪಾಳೆ ತಟ್ಟಿಸಿದರು: ಒಂದು ಸಾಧಾರಣ, ಒಂದು ಜೋರು, ಒಂದು "ಭಾವುಕರಾಗಿ". ಹಬ್ಬಕ್ಕೆ ಇನ್ನೂ ಮೂರು ವಾರ ಇತ್ತು, ಹಬ್ಬದ ಶುಭಾಶಯವನ್ನೂ ಒಟ್ಟಾಗಿ ಕೂಗಿದೆವು. ಅಮೆರಿಕದಲ್ಲಿ ಗಾಯಕ ಬಿಂಗ್ ಕ್ರಾಸ್ಬಿ 1947ರಲ್ಲಿ ತನ್ನ ರೇಡಿಯೊ ಕಾರ್ಯಕ್ರಮವನ್ನು ಟೇಪಿಗೆ ಹಾಕಿದ ಕಾಲದಿಂದಲೂ ಪ್ರೇಕ್ಷಕರ ಸದ್ದನ್ನು ಕತ್ತರಿಸಿ ಅಂಟಿಸುವ ವಿದ್ಯೆ ಇದೆ. ಒಬ್ಬ ಹಾಸ್ಯಗಾರನ ಪೋಲಿ ಜೋಕು ಕತ್ತರಿಸಿ ಬಿಸಾಡಿದರಂತೆ, ಅದಕ್ಕೆ ಬಿದ್ದ ನಗು ಮಾತ್ರ ಎತ್ತಿಟ್ಟುಕೊಂಡು, ಯಾರೂ ನಗದ ಇನ್ನೊಂದು ಕಾರ್ಯಕ್ರಮಕ್ಕೆ ಅಂಟಿಸಿದರಂತೆ. ಹಾಗೆಂದು ಆ ಟೇಪಿನ ಎಂಜಿನಿಯರ್ ಜಾಕ್ ಮಲಿನ್ ತಾನೇ ಹೇಳಿಕೊಂಡಿದ್ದಾನೆ. ಎಂಥಾ ಮಿತವ್ಯಯ!

ರೆಕಾರ್ಡ್ ಮಾಡಿದ್ದಕ್ಕೆ ಸಿಟ್ಟಿಲ್ಲ. ಹಾಡುವವರಿಗೂ ಮನೆ ಇದೆ, ಹಬ್ಬ ಇದೆ. ಮಾಡಿ. ಆದರೆ ಹಬ್ಬದ ರಾತ್ರಿ ಹನ್ನೊಂದಕ್ಕೆ "ಈ ಕ್ಷಣ ನಿಮ್ಮ ಜೊತೆ ನಾನೂ ಎದ್ದಿದ್ದೇನೆ" ಅಂತ ಯಾಕ್ರೀ ಹೇಳ್ತೀರಿ? ಆ ಹೊತ್ತಿಗೆ ರೇಡಿಯೊ ಕೇಳುವವರು ಯಾರು? ವಾರ್ಡಿನಲ್ಲಿ ರಾತ್ರಿ ಪಾಳಿಯ ನರ್ಸು, ಗೇಟಿನ ಕಾವಲುಗಾರ, ಲಾರಿ ಓಡಿಸುವವನು, ಮನೆಯಲ್ಲಿ ಒಬ್ಬರೇ ಉಳಿದವರು. ಎಲ್ಲೋ ಇನ್ನೊಬ್ಬನೂ ಎಚ್ಚರವಾಗಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಅವರು ರೇಡಿಯೊ ಹಾಕಿರುತ್ತಾರೆ. ಅವರಿಗೂ ಸುಳ್ಳಾ? ಸ್ಟುಡಿಯೊದಲ್ಲಿ ನರಪಿಳ್ಳೆ ಇರುವುದಿಲ್ಲ, ಕಂಪ್ಯೂಟರು ಫೈಲು ಓಡಿಸುತ್ತಿರುತ್ತದೆ. ಬೇಜಾರಾಗುತ್ತದೆ, ಅಷ್ಟೇ.

ನಾನು ಹೋಗಿದ್ದ ಆ ಕಛೇರಿ ಹಬ್ಬದ ದಿನ ಪ್ರಸಾರವಾಯಿತು. ಕೂತು ಕೇಳಿದೆ. ಎರಡನೇ ಹಾಡಿನ ನಡುವೆ ನನಗೆ ಕೆಮ್ಮು ಬಂದಿತ್ತು, ಗಾಯಕಿ ತಿರುಗಿ ನೋಡಿದ್ದಳು. ಅದನ್ನು ಅಳಿಸಿಬಿಟ್ಟಿದ್ದರು. ಚಪ್ಪಾಳೆ ಮಾತ್ರ ಹಾಗೇ ಇತ್ತು, "ಭಾವುಕ" ನಮೂನೆಯದು, ಅದೂ ನಾವು ತಟ್ಟದ ಜಾಗದಲ್ಲಿ.