ಒಬ್ಬಟ್ಟಿಗೆ ಮುಖ ತಿರುಗಿಸಿದವನು

“ಟೆನ್ಶನ್ ಮಾಡ್ಕೋಬೇಡ” ಅನ್ನಿಸಿಕೊಂಡು ಟೆನ್ಶನ್ ಇಳಿಸಿಕೊಂಡವರನ್ನು ನಾನಂತೂ ಕಂಡಿಲ್ಲ. ನಮ್ಮ ಭಾವ ಫೋನು ಮಾಡಿದಾಗಲೆಲ್ಲ ಇದೇ ಮಂತ್ರ. “ನಿನ್ನ ಕಾಯಿಲೆಗೆ ಟೆನ್ಶನ್ ಆಗಿಬರಲ್ಲ ಕಣೋ, ಆರಾಮಾಗಿರು” ಅಂತ ಶುರು ಮಾಡಿ, “ಅಂದಹಾಗೆ, ಊರಲ್ಲಿ ನಿನ್ನ ಸೈಟಿನೊಳಕ್ಕೆ ಪಕ್ಕದವನು ಬೇಲಿ ಹಾಕ್ತಿದಾನಂತೆ” ಅಂತ ಮುಗಿಸುತ್ತಾರೆ.

ಕಾಯಿಲೆಯ ಹೆಸರು ಸರ್ವೈಕಲ್ ಡಿಸ್ಟೋನಿಯಾ. ‘ಸರ್ವೈಕಲ್’ ಕಿವಿಗೆ ಬಿದ್ದದ್ದೇ ತಡ, ಎದುರಿನವರು “ಓ, ಸ್ಪಾಂಡಿಲೈಟಿಸ್ಸಾ? ದಿಂಬು ತೆಗೆದು ಮಲಗಿ” ಅನ್ನುತ್ತಾರೆ. ಅಲ್ಲ ಸ್ವಾಮಿ. ನನ್ನ ಮೂಳೆಯದೇನೂ ತಕರಾರಿಲ್ಲ. ಮಿದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಅಂತ ಒಂದು ಜಾಗವಿದೆ, ಮೈಕೈ ಆಡಿಸುವ ಲೆಕ್ಕಾಚಾರದಲ್ಲಿ ಅದರ ಕೈವಾಡ ದೊಡ್ಡದು. ಅಲ್ಲಿ ಏನೋ ಎಡವಟ್ಟಾಗಿ ಕುತ್ತಿಗೆಯ ಸ್ನಾಯುಗಳು ನನ್ನನ್ನು ಕೇಳದೆ ಬಿಗಿಯುತ್ತವೆ. ತಲೆ ಎಡಕ್ಕೆ ಹೋಗುತ್ತದೆ, ನಾನು ಬಲಕ್ಕೆ ಎಳೆದುಕೊಳ್ಳುತ್ತೇನೆ, ಅದು ಮತ್ತೆ ಎಡಕ್ಕೆ. ನೋಡುವವರ ಪಾಲಿಗೆ ನಾನು ಸದಾ ‘ಬೇಡ, ಬೇಡ’ ಅನ್ನುತ್ತಿರುವ ಮನುಷ್ಯ. ಉಳುಕಿರಬೇಕು ಅಂತ, ಕಾಲು ಮುಂದಾಗಿ ಹುಟ್ಟಿದ ಪುಣ್ಯಾತ್ಮರೊಬ್ಬರಿಂದ ಒದೆಸಿಕೊಂಡದ್ದೂ ಆಯಿತು. ಹೊಸದಾಗಿ ಬೆನ್ನುನೋವು ಬಂತು.

ಆತಂಕವಾದರೆ ಇದು ಹೆಚ್ಚಾಗುತ್ತದೆ ಅನ್ನುವುದು ನಿಜ. ಆದರೆ ಆತಂಕ ಅಂದರೆ ಸಾಲ, ಕೋರ್ಟು, ಮಗಳ ಸಿಇಟಿ ರ್‍ಯಾಂಕು ಅಷ್ಟೇ ಅಂತ ತಿಳಿಯಬೇಡಿ. ಹೋದ ವಾರ ನನ್ನ ಕತ್ತು ಕೆಟ್ಟದ್ದು ಒಬ್ಬಟ್ಟಿನಿಂದ.

ಭಾವನ ಅಣ್ಣನ ಮಗಳ ಮದುವೆ. ಎಲೆಯ ಮುಂದೆ ಕೂತೆ. ಕೋಸಂಬರಿ, ಪಲ್ಯ, ಗೊಜ್ಜು ಎಲ್ಲ ಸರಾಗವಾಗಿ ಬಿದ್ದವು. ಬಡಿಸುವವರು ಇವಕ್ಕೆಲ್ಲ ನಮ್ಮ ಒಪ್ಪಿಗೆ ಕೇಳುವುದಿಲ್ಲವಲ್ಲ! ನನ್ನ ಎಡಗಡೆ ಕೂತ ಅಪರಿಚಿತರಿಗೆ ಮಾತ್ರ ಕಸಿವಿಸಿ. ನಾನು ಪದೇಪದೇ ತಮ್ಮ ಎಲೆಯನ್ನೇ ನೋಡುತ್ತಿದ್ದೇನೆ ಅಂತ ತಿಳಿದು, “ಹಪ್ಪಳ ಬೇಕಿತ್ತಾ ಸಾರ್?” ಅಂದರು. ನಾನು ಬೇಡ ಅನ್ನುವಷ್ಟರಲ್ಲಿ ಬಲಗಡೆ, ಪಂಕ್ತಿಯ ತುದಿಯಲ್ಲಿ, ಒಬ್ಬಟ್ಟಿನ ತಟ್ಟೆ ಕಾಣಿಸಿತು. ಕಡಲೆಬೇಳೆ ಹೂರಣದ್ದು, ಇನ್ನೂ ಹಬೆಯಾಡುತ್ತಿತ್ತು. ಹಿಂದೆಯೇ ತುಪ್ಪದ ಗಿಂಡಿ. ಬಡಿಸುವ ಹುಡುಗ ತಪ್ಪು ತಿಳಿಯಬಾರದು, ಕತ್ತು ನೆಟ್ಟಗಿರಲಿ ದೇವರೇ ಅಂದುಕೊಂಡೆ. ಅಂದುಕೊಂಡದ್ದೇ ಟೆನ್ಶನ್. ತಟ್ಟೆ ಹತ್ತಿರ ಬಂದಷ್ಟೂ ಕತ್ತಿಗೆ ಆವೇಶ. ಸರಿಯಾಗಿ ನನ್ನೆಲೆಯ ಮುಂದೆ ಹುಡುಗ ಬಗ್ಗಿದಾಗ ನನ್ನ ಮುಖ ಪೂರ್ತಿ ಎಡಕ್ಕೆ ತಿರುಗಿ ಅಲ್ಲಾಡತೊಡಗಿತು. ಬಾಯಿ ತುಂಬ ಚಿತ್ರಾನ್ನ. “ಬೇಡವಂತೆ” ಅಂತ ಅವನು ಮುಂದೆ ಹೋಗೇಬಿಟ್ಟ. ತುಪ್ಪದವನಿಗಂತೂ ಕಾರಣವೇ ಬೇಕಿರಲಿಲ್ಲ, ಒಬ್ಬಟ್ಟೇ ಇಲ್ಲದ ಎಲೆ! ಎಡಗಡೆಯವರು ಎರಡು ಹಾಕಿಸಿಕೊಂಡರು. ಈಗ ನಾನು ಅವರ ಎಲೆಯನ್ನು ನೋಡುತ್ತಿದ್ದುದು ಕಾಯಿಲೆಯಿಂದಲ್ಲ. ಐವತ್ತು ದಾಟಿದವನು ಪಂಕ್ತಿಯಲ್ಲಿ “ಒಬ್ಬಟ್ಟೂ!” ಅಂತ ಕೂಗುವುದು ಹೇಗೆ ಹೇಳಿ.

ಇದಕ್ಕೊಂದು ಉಪಾಯ ಇಲ್ಲದಿಲ್ಲ. ಗದ್ದವನ್ನೋ ಕೆನ್ನೆಯನ್ನೋ ಬೆರಳಲ್ಲಿ ಸುಮ್ಮನೆ ಮುಟ್ಟಿದರೆ ಸಾಕು, ನಮ್ಮಲ್ಲಿ ತುಂಬ ಜನಕ್ಕೆ ತಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಡಾಕ್ಟರುಗಳಿಗೂ ಗೊತ್ತಿರುವ ವಿಚಾರ. ಗೊತ್ತಿಲ್ಲದಿರುವುದು ನಮ್ಮ ದೊಡ್ಡಮ್ಮನಿಗೆ. ಎಡಗೈಯನ್ನು ಗದ್ದಕ್ಕೆ ಕೊಟ್ಟಿದ್ದೇ ತಡ, ಎದುರು ಪಂಕ್ತಿಯಿಂದಲೇ “ಶುಭಕಾರ್ಯದ ಮನೇಲಿ ಕೆನ್ನೆಗೆ ಕೈಯಿಟ್ಟು ಕೂತಿದೀಯಲ್ಲೋ, ಯಾರಿಗೇನಾಯ್ತು? ತೆಗಿ ಕೈ!” ಅಂದರು. ತೆಗೆದೆ. ಎರಡನೇ ಸಲ ಬಂದ ಒಬ್ಬಟ್ಟೂ ಹೋಯಿತು.

ಮೂರು ತಿಂಗಳಿಗೊಮ್ಮೆ ಕುತ್ತಿಗೆಗೆ ಬೊಟಾಕ್ಸ್ ಇಂಜೆಕ್ಷನ್. ಹೌದು, ಸಿನಿಮಾದವರು ಸುಕ್ಕಿಗೆ ಹಾಕಿಸಿಕೊಳ್ಳುವುದೇ. ಆದರೆ ಸರದಿಯಲ್ಲಿ ನಾವು ಮುಂದು. ಅಮೆರಿಕದಲ್ಲಿ ಅದಕ್ಕೆ 1989ರಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು ಮೆಳ್ಳಗಣ್ಣಿಗೂ ರೆಪ್ಪೆಯ ಸೆಳೆತಕ್ಕೂ, 2000ದಲ್ಲಿ ನಮ್ಮ ಕುತ್ತಿಗೆಗೆ, ಹುಬ್ಬಿನ ನಡುವಿನ ಸುಕ್ಕಿಗೆ 2002ರಲ್ಲಿ. ಹಾಕಿಸಿಕೊಂಡ ಒಂದೆರಡು ವಾರದಲ್ಲಿ ಬಿಗಿತ ಸಡಿಲುತ್ತದೆ, ಮೂರನೇ ತಿಂಗಳ ಹೊತ್ತಿಗೆ ಗುಣ ಇಳಿಯುತ್ತದೆ. ನಮ್ಮ ಬಂಧುಗಳ ಮುಹೂರ್ತಗಳೆಲ್ಲ ಆ ಕೊನೆಯ ವಾರಗಳಿಗೇ ಹೇಗೆ ಬಂದು ಬೀಳುತ್ತವೋ, ಪುರೋಹಿತರನ್ನೇ ಕೇಳಬೇಕು.

ನಿದ್ದೆ ಬಂದರೆ ಎಲ್ಲ ನಿಲ್ಲುತ್ತದಂತೆ. “ರಾತ್ರಿ ನೋಡಬೇಕು ನಿಮ್ಮನ್ನ, ಮದುವೆ ಆಲ್ಬಮ್ಮಲ್ಲಿ ಇದ್ದ ಹಾಗೇ ಇರ್ತೀರಿ” ಅಂತ ನನ್ನಾಕೆ ಒಮ್ಮೆ ಅಂದಳು. ಆ ಮನುಷ್ಯನನ್ನು ನನಗೂ ಒಂದ್ಸಲ ನೋಡಬೇಕು ಅನ್ನಿಸಿತು. ಆದರೆ ಅವನಿರುವಾಗ ನಾನಿರುವುದಿಲ್ಲ.

ಮದುವೆಮನೆಯ ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಒಬ್ಬಟ್ಟನ್ನೇ ಬೇಡ ಅಂದನಂತೆ, ಹಾಗಾದರೆ ಷುಗರ್ರೇ ಸೈ. ಮರುದಿನ ಬೆಳಗಾಗುತ್ತಲೇ ಭಾವ ಸ್ಟೀಲ್ ಕ್ಯಾನಿನಲ್ಲಿ ಹಾಗಲಕಾಯಿ ರಸ ತಂದರು. ಬಾಯಲ್ಲಿ ಬ್ರಷ್ಷಿತ್ತು. ಇದ್ದ ಶಕ್ತಿಯನ್ನೆಲ್ಲ ಹಾಕಿ, ನಾನಾಗಿ, ನನ್ನ ಸ್ವಂತ ಇಚ್ಛೆಯಿಂದ, ‘ಬೇಡ’ ಅಂತ ತಲೆಯಾಡಿಸಿದೆ.

“ಪಾಪ, ಬೆಳಿಗ್ಗೆ ಬೆಳಿಗ್ಗೆನೇ ಶುರುವಾಯ್ತಲ್ಲೋ” ಅಂತ ಭಾವ ಲೋಟದ ತುಂಬ ಸುರಿದರು.